‘ಕೆಲಸ’ ಎಂಬ ಪಾಠ ಮತ್ತು ಐಸ್‌ಲ್ಯಾಂಡಿನ ಒಬ್ಬ ಬಲಶಾಲಿ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿವರ್ಷವೂ ಇರುತ್ತಾರೆ. ಅದು ಸುಲಭವೆಂದು ಅವರ ಎಣಿಕೆ. ವ್ಯಾಖ್ಯೆ ಒಂದೇ ಸಾಲು, ಸೂತ್ರ ಒಂದೇ, ಎರಡು ಲೆಕ್ಕ ಮಾಡಿಸಿದರೆ ಅವಧಿ ಮುಗಿಯುತ್ತದೆ. ಗೋಡೆ ತಳ್ಳಿದರೆ ಕೆಲಸವಿಲ್ಲ, ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆದರೆ ಗುರುತ್ವದ ವಿರುದ್ಧ ಕೆಲಸವಿಲ್ಲ ಎಂದು ಮಕ್ಕಳು ಬರೆಯುತ್ತಾರೆ, ಅಂಕವೂ ಬರುತ್ತದೆ. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತ ನನಗೆ ಮಾತ್ರ ಅವರ ಮುಖ ನೋಡಿದಾಗಲೆಲ್ಲ ಒಂದು ಸಂಶಯ. ಇವರು ಒಪ್ಪಿಕೊಂಡು ಬರೆಯುತ್ತಿಲ್ಲ, ಬರೆಯಬೇಕೆಂದು ಬರೆಯುತ್ತಿದ್ದಾರೆ.

ತೊಡಕು ಭೌತವಿಜ್ಞಾನದ್ದಷ್ಟೇ ಅಲ್ಲ, ನಮ್ಮ ಮಾತಿನದು. ಬಲ, ಕೆಲಸ, ಶಕ್ತಿ, ಸಾಮರ್ಥ್ಯ ಈ ನಾಲ್ಕೂ ಪದಗಳನ್ನು ಮಗು ಶಾಲೆಗೆ ಬರುವ ಮೊದಲೇ ಬಳಸಿರುತ್ತದೆ. ಮನೆಯಲ್ಲಿ ಶಕ್ತಿ ಎಂದರೂ ಬಲ ಎಂದರೂ ಒಂದೇ. ‘ಕೆಲಸ’ ಎಂದರೆ ಉದ್ಯೋಗ, ದುಡಿಮೆ, ಕೂಲಿ. ‘ಅವನು ಕೆಲಸ ಮಾಡೋದಿಲ್ಲ’ ಎನ್ನುವುದು ಒಂದು ಬೈಗುಳ. ಪಠ್ಯದ ವ್ಯಾಖ್ಯೆ ಬಂದು ಈ ಪದದ ಮೇಲೆ ಕುಳಿತಾಗ ಹಳೆಯ ಅರ್ಥ ಎದ್ದು ಹೋಗುವುದಿಲ್ಲ, ಪಕ್ಕಕ್ಕೆ ಸರಿದು ಕುಳಿತಿರುತ್ತದೆ. ನಮ್ಮ ಗುಂಪಿನ ಒಬ್ಬ ಪ್ರಶಿಕ್ಷಣಾರ್ಥಿ ‘ಕೆಲಸ’ದ ಬದಲು ‘ಕಾರ್ಯ’ ಎಂದರೆ ಹೇಗೆ ಎಂದು ಕೇಳಿದರು. ನಾನು ಬೇಡವೆಂದೆ. ಪರೀಕ್ಷೆಯಲ್ಲಿ ಬರುವ ಪದ ಕೆಲಸ. ಪದ ಬದಲಿಸಿದರೆ ತೊಡಕು ಕಣ್ಣಿಗೆ ಕಾಣದಂತಾಗುತ್ತದೆ, ಬಗೆಹರಿಯುವುದಿಲ್ಲ.

ಹಾಗಾಗಿ ಈ ಸಾಲಿನಲ್ಲಿ ವಿಜ್ಞಾನ ವಿಧಾನದ ನಾಲ್ವರು ಪ್ರಶಿಕ್ಷಣಾರ್ಥಿಗಳೊಂದಿಗೆ ಕುಳಿತು, ಎರಡು ಅವಧಿಗಳ ಪಾಠವನ್ನು ಒಬ್ಬ ಮನುಷ್ಯನ ಬದುಕಿನ ಸುತ್ತ ಕಟ್ಟಿದೆವು. ಆತ ಐಸ್‌ಲ್ಯಾಂಡಿನ ಹಾಫ್‌ಥೋರ್ ಯೂಲಿಯಸ್ ಬ್ಯೋರ್ನ್‌ಸನ್. ಭಾರ ಎತ್ತುವ ಸ್ಪರ್ಧೆಗಳ ಜಗಜ್ಜಟ್ಟಿ, ಆಮೇಲೆ ನಟ. ಮಕ್ಕಳಲ್ಲಿ ಅನೇಕರು ಮೊಬೈಲಿನಲ್ಲಿ ಅವನನ್ನು ಕಂಡಿದ್ದರು, ಹೆಸರು ಗೊತ್ತಿರಲಿಲ್ಲ. ನಮ್ಮ ಕಾರಣ ಅದಲ್ಲ. ಅವನ ಸಾಹಸಗಳು ತಾವಾಗಿಯೇ ಮೂರು ಬಗೆಯಾಗುತ್ತವೆ: ನೆಲದಿಂದ ಎತ್ತುವುದು, ಎತ್ತಿ ಹಿಡಿದು ನಿಲ್ಲುವುದು, ಹೊತ್ತು ನಡೆಯುವುದು. ಪಠ್ಯದ ಮೂರು ಪರಿಕಲ್ಪನೆಗಳಿಗೆ ಮೂರು ದೃಶ್ಯ ಸಿಕ್ಕಂತಾಯಿತು. ತೂಕಗಳೂ ಗೊತ್ತಿರುವಂಥವು, ಹಾಗಾಗಿ ಲೆಕ್ಕ ಕಲ್ಪನೆಯದಾಗುವುದಿಲ್ಲ.

ಪೀಠಿಕೆಯನ್ನು ಜೀವನ ವೃತ್ತಾಂತದಿಂದಲೇ ತೆಗೆದೆವು, ಹನ್ನೆರಡು ನಿಮಿಷ. ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬೇರೆಯವರು ಬಳಸಬಹುದು.

1988ರ ನವೆಂಬರ್ 26ರಂದು ರೇಕ್ಯಾವಿಕ್‌ನಲ್ಲಿ ಹುಟ್ಟಿದ. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರಿನ ರೂಢಿ ಕಡಿಮೆ. ಬ್ಯೋರ್ನ್‌ಸನ್ ಎಂದರೆ ಬ್ಯೋರ್ನ್‌ನ ಮಗ, ಅಷ್ಟೇ. ಜನ ಕರೆಯುವುದು ಮೊದಲ ಹೆಸರಿನಿಂದಲೇ. ಎತ್ತರ 206 ಸೆಂಟಿಮೀಟರ್, ಅಂದರೆ ಆರು ಅಡಿ ಒಂಬತ್ತು ಅಂಗುಲ. ಇಷ್ಟು ಎತ್ತರದವನು ಮೊದಲು ಹೋದದ್ದು ಬ್ಯಾಸ್ಕೆಟ್‌ಬಾಲ್‌ಗೆ. ಆಡುತ್ತಿದ್ದ ಆಟವನ್ನು ಪಾದದ ಕೀಲಿನ ಗಾಯ ನಿಲ್ಲಿಸಿತು. 2008ರಲ್ಲಿ, ಇಪ್ಪತ್ತರ ಹೊಸ್ತಿಲಲ್ಲಿ, ಭಾರ ಎತ್ತುವ ವ್ಯಾಯಾಮಶಾಲೆಯೊಂದರಲ್ಲಿ ಮಾಗ್ನೂಸ್ ವೆರ್ ಮಾಗ್ನೂಸನ್‌ರ ಕಣ್ಣಿಗೆ ಬಿದ್ದ. ಮಾಗ್ನೂಸ್ ‘ಜಗತ್ತಿನ ಅತಿ ಬಲಶಾಲಿ ಮನುಷ್ಯ’ ಸ್ಪರ್ಧೆಯನ್ನು ನಾಲ್ಕು ಸಲ ಗೆದ್ದವರು. ಅವರಿಗಿಂತ ಮುಂಚೆ ಅದೇ ದೇಶದ ಯೋನ್ ಪಾಲ್ ಸಿಗ್ಮಾರ್‌ಸನ್ ಕೂಡ ನಾಲ್ಕು ಸಲ ಗೆದ್ದಿದ್ದರು. ಹತ್ತಿರಹತ್ತಿರ ನಾಲ್ಕು ಲಕ್ಷ ಜನರ ದೇಶ ಅದು, ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು.

ಅಲ್ಲಿ ಇದು ಹೊಸ ಹುಚ್ಚೂ ಅಲ್ಲ. ದ್ಯೂಪಾಲೋನ್‌ಸಾಂಡುರ್ ಎಂಬ ಕಡಲ ತೀರದಲ್ಲಿ ಇಂದಿಗೂ ನಾಲ್ಕು ಗುಂಡುಕಲ್ಲುಗಳಿವೆ: 154, 100, 54 ಮತ್ತು 23 ಕಿ.ಗ್ರಾಂ. ದೋಣಿಗೆ ಸೇರಲು ಬಂದ ಮೀನುಗಾರರ ಕಸುವನ್ನು ಹಿಂದೆ ಇವುಗಳಿಂದ ಅಳೆಯುತ್ತಿದ್ದರು. ದೊಡ್ಡದರ ಹೆಸರು ‘ಪೂರ್ಣಬಲ’ ಎಂಬರ್ಥದ್ದು, ಅದರ ಕೆಳಗಿನದು ‘ಅರ್ಧಬಲ’, ಎಲ್ಲಕ್ಕಿಂತ ಚಿಕ್ಕದಕ್ಕೆ ‘ಕೈಲಾಗದವ’ ಎಂಬಂಥ ಹೆಸರು. ಇದನ್ನು ಹೇಳುತ್ತಿದ್ದಂತೆ ತರಗತಿಯಲ್ಲಿ ಗದ್ದಲವೆದ್ದಿತು. ‘ನಮ್ಮೂರಾಗೂ ಐತ್ರಿ ಟೀಚರ್, ಸಂಗ್ರಾಣಿ ಕಲ್ಲು!’ ಜಾತ್ರೆಯಲ್ಲಿ ಯಾರು ಎತ್ತಿದರು, ಯಾರು ಮೊಣಕಾಲ ಮಟ್ಟಕ್ಕೆ ತಂದು ಬಿಟ್ಟರು ಎಂದು ನಾಲ್ಕು ಜನ ಒಟ್ಟಿಗೆ ಹೇಳತೊಡಗಿದರು. ನಮ್ಮ ಪಾಠ ಯೋಜನೆಯ ‘ಪೂರ್ವಜ್ಞಾನ’ ಎಂಬ ಅಂಕಣದಲ್ಲಿ ಬಲ, ದ್ರವ್ಯರಾಶಿ ಎಂದಷ್ಟೇ ಬರೆದಿತ್ತು. ಸಂಗ್ರಾಣಿ ಕಲ್ಲನ್ನು ಅಲ್ಲಿ ಸೇರಿಸಬೇಕೆಂದು ನಾನು ವೀಕ್ಷಣಾ ಪುಸ್ತಕದಲ್ಲಿ ಟಿಪ್ಪಣಿ ಹಾಕಿದೆ.

2012ರಿಂದ 2019ರವರೆಗೆ ವಿಶ್ವ ಸ್ಪರ್ಧೆಯಲ್ಲಿ ಹಾಫ್‌ಥೋರ್‌ನ ಸ್ಥಾನಗಳನ್ನು ಪ್ರಶಿಕ್ಷಣಾರ್ಥಿನಿ ಕಪ್ಪು ಹಲಗೆಯ ಮೇಲೆ ಬರೀ ಅಂಕಿಗಳಾಗಿ ಬರೆದರು: 3, 3, 2, 3, 2, 2, 1, 3. ಈ ಸಾಲು ಏನು ಹೇಳುತ್ತದೆ ಎಂದು ಕೇಳಿ ಸುಮ್ಮನಾದರು. ಇದು ಚೆನ್ನಾಗಿತ್ತು. ‘ಆರು ವರ್ಷ ಸೋತು ಏಳನೇ ವರ್ಷ ಗೆದ್ದ’ ಎಂದು ಒಬ್ಬಳು, ‘ಸೋತಿಲ್ಲ, ಎಂಟೂ ವರ್ಷ ಮೂರರೊಳಗೇ ಇದ್ದಾನೆ’ ಎಂದು ಇನ್ನೊಬ್ಬಳು. ಆ ಒಂದು ಎಂಬ ಅಂಕಿ 2018ರದು, ಸ್ಪರ್ಧೆ ನಡೆದದ್ದು ಫಿಲಿಪೀನ್ಸ್‌ನ ಮನಿಲಾದಲ್ಲಿ. ಅದೇ ವರ್ಷ ಯುರೋಪಿನ ಪ್ರಶಸ್ತಿ, ಅಮೆರಿಕದ ಆರ್ನಾಲ್ಡ್ ಸ್ಪರ್ಧೆ ಎರಡನ್ನೂ ಗೆದ್ದ. ಮೂರನ್ನೂ ಒಂದೇ ವರ್ಷ ಗೆದ್ದವರು ಅವನಿಗೆ ಮೊದಲು ಯಾರೂ ಇರಲಿಲ್ಲ.

ಇಲ್ಲಿಂದ ಪಾಠ ಲೆಕ್ಕಕ್ಕೆ ಇಳಿಯಿತು. 2025ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವನು ನೆಲದ ಮೇಲಿದ್ದ 510 ಕಿ.ಗ್ರಾಂ. ಭಾರದ ಸಲಾಕೆಯನ್ನು ಎತ್ತಿ ನೆಟ್ಟಗೆ ನಿಂತ. ಈ ಬಗೆಯ ಎತ್ತುವಿಕೆಗೆ ಡೆಡ್‌ಲಿಫ್ಟ್ ಎನ್ನುತ್ತಾರೆ. ತಲೆಯ ಮೇಲಕ್ಕೆ ಒಯ್ಯುವುದಿಲ್ಲ, ತೊಡೆಯ ಮಟ್ಟಕ್ಕೆ ತಂದು ನಿಲ್ಲುತ್ತಾರೆ. ಸಲಾಕೆ ಎಷ್ಟು ಮೇಲೆ ಬಂದಿರಬಹುದು? ಮಕ್ಕಳು ಪೊರಕೆಯ ಕೋಲೊಂದನ್ನು ಹಿಡಿದು ಬಗ್ಗಿ, ಎದ್ದು, ಪಟ್ಟಿಯಿಂದ ಅಳೆದು, ಎತ್ತರದ ಮನುಷ್ಯನೆಂದು ಸ್ವಲ್ಪ ಸೇರಿಸಿ, 60 ಸೆಂ.ಮೀ. ಎಂದು ಒಪ್ಪಂದಕ್ಕೆ ಬಂದರು. ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಗುರಾಗಲೆಂದು 10 ಎಂದು ಹಿಡಿದೆವು. ಬಲ 5100 ನ್ಯೂಟನ್. ಸ್ಥಾನಪಲ್ಲಟ 0.6 ಮೀಟರ್. ಕೆಲಸ 3060 ಜೌಲ್.

ಮೂರು ಸಾವಿರ ಚಿಲ್ಲರೆ! ದೊಡ್ಡ ಸಂಖ್ಯೆ ಎಂದು ಮಕ್ಕಳಿಗೆ ಖುಷಿ. ಆಗ ಎರಡನೇ ಲೆಕ್ಕ. 45 ಕಿ.ಗ್ರಾಂ. ತೂಗುವ ಹುಡುಗಿಯೊಬ್ಬಳು ಶಾಲೆಯ ಮಾಳಿಗೆಯ ಮೆಟ್ಟಿಲು ಹತ್ತುತ್ತಾಳೆ. ಮೆಟ್ಟಿಲು 22, ಒಂದೊಂದರ ಎತ್ತರ 16 ಸೆಂ.ಮೀ., ಒಟ್ಟು 3.52 ಮೀಟರ್. ಗುರುತ್ವದ ವಿರುದ್ಧ ಅವಳು ಮಾಡಿದ ಕೆಲಸ 1584 ಜೌಲ್. ಇಳಿದು ಬಂದು ಇನ್ನೊಮ್ಮೆ ಹತ್ತಿದರೆ 3168. ವಿಶ್ವದಾಖಲೆಗಿಂತ 108 ಜೌಲ್ ಹೆಚ್ಚು.

ತರಗತಿ ಒಂದು ಕ್ಷಣ ಸ್ತಬ್ಧವಾಯಿತು, ಆಮೇಲೆ ‘ಲೆಕ್ಕ ತಪ್ಪೈತ್ರಿ’ ಎಂಬ ಕೂಗು. ಮತ್ತೆ ಮಾಡಿದರು. ತಪ್ಪಿಲ್ಲ. ಹಾಗಾದರೆ ಆ ಹುಡುಗಿಗೆ ಯಾಕೆ ಪದಕವಿಲ್ಲ? ಈ ಪ್ರಶ್ನೆಯನ್ನು ನಾವು ಮೊದಲೇ ಯೋಜಿಸಿ ಇಟ್ಟುಕೊಂಡಿದ್ದೆವು, ಆದರೆ ಕೇಳಿದ್ದು ಮಕ್ಕಳೇ. ಉತ್ತರವೂ ಅವರಿಂದಲೇ ಬಂತು. ಅವಳು ಒಂದು ಹೆಜ್ಜೆಗೆ ಬಳಸುವುದು 450 ನ್ಯೂಟನ್, ಅವನು ಒಮ್ಮೆಗೇ ಬಳಸಿದ್ದು 5100. ಸ್ಪರ್ಧೆ ಅಳೆಯುವುದು ಬಲವನ್ನು, ಜೌಲ್‌ಗಳನ್ನಲ್ಲ. ಬಲವೂ ಕೆಲಸವೂ ಬೇರೆಬೇರೆ ಎಂಬ ಮಾತು ಇಲ್ಲಿ ಹೇಳದೆಯೇ ಕುಳಿತುಕೊಂಡಿತು. ಕನ್ನಡದಲ್ಲಿ ಆ ಸ್ಪರ್ಧೆಯನ್ನು ‘ಅತಿ ಶಕ್ತಿಶಾಲಿ’ ಎನ್ನದೆ ‘ಅತಿ ಬಲಶಾಲಿ’ ಎಂದೇ ಏಕೆ ಹೇಳಬೇಕು ಎಂಬುದೂ ಅವರಿಗೆ ಹೊಳೆಯಿತು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಈ ಲೆಕ್ಕಕ್ಕೆ ತರಗತಿಯ ಯಾವ ಮಗುವನ್ನೂ ಎಬ್ಬಿಸಿ ತೂಕ ಕೇಳಬೇಡಿ. ದೈತ್ಯನೊಬ್ಬನ ಕಥೆ ನಡೆಯುತ್ತಿರುವಾಗ ದಪ್ಪಗಿರುವ ಹುಡುಗನಿಗೂ ಸಣಕಲ ಹುಡುಗನಿಗೂ ಹೊಸ ಅಡ್ಡಹೆಸರು ಹುಟ್ಟಲು ಅರೆ ನಿಮಿಷ ಸಾಕು. ಊಹೆಯ 45 ಕಿ.ಗ್ರಾಂ. ಇರಲಿ.

ಮೂರನೇ ಲೆಕ್ಕ ನನಗೆ ಇಷ್ಟವಾದದ್ದು. 3060 ಜೌಲ್ ಎಂದರೆ ಕಿಲೋಕ್ಯಾಲರಿಯಲ್ಲಿ ಮುಕ್ಕಾಲಿಗೂ ಕಡಿಮೆ, ಸುಮಾರು 0.73. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 570 ಕಿಲೋಕ್ಯಾಲರಿ. ಅರ್ಧ ಗ್ರಾಂ ತೂಗುವ ಒಂದೇ ಒಂದು ಕಾಳಿನಲ್ಲಿ 2.8ರಷ್ಟು. ಅಂದರೆ ವಿಶ್ವದಾಖಲೆಯ ‘ಕೆಲಸ’ಕ್ಕೆ ಕಾಲು ಶೇಂಗಾ ಕಾಳು ಸಾಕು. ಆದರೆ ಇಂಥ ಜಟ್ಟಿಗಳು ದಿನಕ್ಕೆ ಸಾವಿರಾರು ಕಿಲೋಕ್ಯಾಲರಿ ತಿನ್ನುತ್ತಾರೆ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು ಮುಂದೆ ಹೋದೆವು.

ಮುಂದಿನದು ಹಿಡಿದು ನಿಲ್ಲುವುದು. ಡೆಡ್‌ಲಿಫ್ಟ್‌ನಲ್ಲಿ ಎತ್ತಿದ ಮೇಲೆ ತೀರ್ಪುಗಾರರ ಸನ್ನೆ ಬರುವವರೆಗೆ ಇಳಿಸುವಂತಿಲ್ಲ. ಆ ಕ್ಷಣ ಕೈಯಲ್ಲಿ 5100 ನ್ಯೂಟನ್ ಇದೆ, ಮೈ ನಡುಗುತ್ತಿದೆ, ಸ್ಥಾನಪಲ್ಲಟ ಸೊನ್ನೆ. ಕೆಲಸ ಸೊನ್ನೆ. ಆಮೇಲೆ ಹೊತ್ತು ನಡೆಯುವುದು. 2015ರಲ್ಲಿ ನಾರ್ವೆಯಲ್ಲಿ ಹಾಫ್‌ಥೋರ್ ಹತ್ತು ಮೀಟರ್ ಉದ್ದದ, 650 ಕಿ.ಗ್ರಾಂ. ತೂಕದ ಮರದ ದಿಮ್ಮಿಯನ್ನು ಹೆಗಲ ಮೇಲೆ ಹೊತ್ತು ಐದು ಹೆಜ್ಜೆ ನಡೆದ. ಸಾವಿರ ವರ್ಷಗಳ ಹಿಂದೆ ಓರ್ಮ್ ಎಂಬ ಜಟ್ಟಿ ದೊಡ್ಡ ಹಡಗಿನ ಕೂವೆಮರವನ್ನು ಹೊತ್ತು ಮೂರು ಹೆಜ್ಜೆ ನಡೆದನೆಂದೂ ಅಲ್ಲಿಗೆ ಅವನ ಬೆನ್ನು ಮುರಿಯಿತೆಂದೂ ಐಸ್‌ಲ್ಯಾಂಡಿನ ಪುರಾತನ ಕಥೆ ಹೇಳುತ್ತದೆ. ಬಲ ಮೇಲ್ಮುಖ, ನಡಿಗೆ ಅಡ್ಡಕ್ಕೆ, ನಡುವಿನ ಕೋನ 90 ಡಿಗ್ರಿ. ಆ ಐದು ಹೆಜ್ಜೆಯಲ್ಲಿ ಗುರುತ್ವದ ವಿರುದ್ಧ ಕೆಲಸ ಸೊನ್ನೆ.

ಇಲ್ಲಿ, ಎರಡನೇ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ಅವನ ತಂದೆ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಹಮಾಲರು.

‘ಟೀಚರ್, ಹಂಗಾದ್ರ ನಮ್ಮಪ್ಪ ದಿನಾ ಚೀಲ ಹೊರತಾನಲ್ರೀ, ಅದು ಕೆಲಸ ಅಲ್ಲೇನ್ರೀ?’

ಈ ಪಾಠದಲ್ಲಿ ಈ ಪ್ರಶ್ನೆ ಯಾವ ಊರಿನಲ್ಲಾದರೂ ಬಂದೀತು, ಬರಬೇಕು. ಬಾರದಿದ್ದರೆ ಯಾರೋ ಒಬ್ಬ ಮಗು ಅದನ್ನು ನುಂಗಿಕೊಂಡಿದೆ ಎಂದೇ ಅರ್ಥ. ಹಾಗಾಗಿ ನಮ್ಮ ಪೂರ್ವಸಿದ್ಧತೆಯ ಹೆಚ್ಚಿನ ಸಮಯ ಹೋದದ್ದು ಇದಕ್ಕೇ. ಸಾಮಾನ್ಯವಾಗಿ ಕೊಡುವ ಉತ್ತರ ಎರಡು. ಒಂದು, ‘ಅದು ಬೇರೆ ಕೆಲಸ, ಇದು ವಿಜ್ಞಾನದ ಕೆಲಸ’. ಮಗುವಿಗೆ ಕೇಳಿಸುವುದು, ನಿಮ್ಮಪ್ಪನ ದುಡಿಮೆಗೂ ವಿಜ್ಞಾನಕ್ಕೂ ಸಂಬಂಧವಿಲ್ಲ ಎಂದು. ಇನ್ನೊಂದು, ‘ಎಲ್ಲ ಕೆಲಸವೂ ದೊಡ್ಡದೇ ಮಗು’. ಇದು ಸಮಾಧಾನ, ಉತ್ತರವಲ್ಲ. ಕೇಳಿದವನು ಸಮಾಧಾನ ಬೇಡಿರಲಿಲ್ಲ, ಜೌಲ್ ಕೇಳಿದ್ದ.

ಪ್ರಶಿಕ್ಷಣಾರ್ಥಿನಿ ಅವನನ್ನೇ ಹಲಗೆಯ ಹತ್ತಿರ ಕರೆದರು. ಚೀಲ ಎಷ್ಟು ಕಿಲೋ? ಐವತ್ತು. ಎಲ್ಲಿಂದ ಎಲ್ಲಿಗೆ? ಕಟ್ಟೆಯ ಕೆಳಗಿನ ಒಟ್ಟಿಲಿನಿಂದ ಲಾರಿಗೆ. ಲಾರಿಯ ಹಾಸು ನೆಲದಿಂದ ಎಷ್ಟು ಎತ್ತರ? ಅವನು ತನ್ನ ಎದೆಯ ಹತ್ತಿರ ಕೈ ತೋರಿಸಿದ. ಅಳೆದರೆ 1.2 ಮೀಟರ್. ಒಂದು ಚೀಲಕ್ಕೆ 600 ಜೌಲ್. ಐದು ಚೀಲ ಏರಿಸಿದರೆ 3000. ಹಲಗೆಯ ಮೇಲೆ ಪಕ್ಕದಲ್ಲೇ 3060 ಇನ್ನೂ ಅಳಿಸದೆ ಇತ್ತು. ದಿನಕ್ಕೆ ಎಷ್ಟು ಚೀಲ ಎಂದರೆ ಹಂಗಾಮಿನಲ್ಲಿ ಇನ್ನೂರರ ತನಕ ಎಂದ. 1,20,000 ಜೌಲ್. 3060ರಿಂದ ಭಾಗಿಸಿ ಎಂದರು. ಮೂವತ್ತೊಂಬತ್ತು ಬಂತು. ದಿನಕ್ಕೆ ಮೂವತ್ತೊಂಬತ್ತು ವಿಶ್ವದಾಖಲೆಗಳಷ್ಟು.

ಒಟ್ಟಿಲಿನಿಂದ ಲಾರಿಯವರೆಗಿನ ಸಮತಟ್ಟು ನಡಿಗೆಯನ್ನು ಮಾತ್ರ ಸೊನ್ನೆ ಎಂದೇ ಬರೆಸಿದರು, ಅದನ್ನು ಬಿಡಲಿಲ್ಲ. ಇದು ಮುಖ್ಯ. ಮಗುವಿನ ಮೇಲಿನ ಪ್ರೀತಿಗೆ ವ್ಯಾಖ್ಯೆಯನ್ನು ಸಡಿಲಿಸಿದರೆ ಲೆಕ್ಕದ ಮೇಲಿನ ನಂಬಿಕೆಯೂ ಹೋಗುತ್ತದೆ. ಏರಿಸಿದ್ದಕ್ಕೆ ಜೌಲ್ ಇದೆ, ಅಡ್ಡ ನಡೆದದ್ದಕ್ಕೆ ಇಲ್ಲ, ಹಾಫ್‌ಥೋರ್‌ನ ದಿಮ್ಮಿಗೂ ಇಲ್ಲ. ಹಮಾಲರು ಲಾರಿಗೆ ಹಲಗೆ ಇಟ್ಟು ಏಕೆ ಹತ್ತುತ್ತಾರೆ ಎಂಬ ಮಾತೂ ಅಲ್ಲೇ ಬಂತು. ಇಳಿಜಾರಿನಲ್ಲಿ ದೂರ ಹೆಚ್ಚುತ್ತದೆ, ಒಂದೊಂದು ಹೆಜ್ಜೆಯ ಏರಿಕೆ ಕಡಿಮೆಯಾಗುತ್ತದೆ, ಒಟ್ಟು ಕೆಲಸ ಅಷ್ಟೇ. ಮೆಟ್ಟಿಲು ಹತ್ತಿದ ಹುಡುಗಿಯ ಉಪಾಯವೂ ಅದೇ.

ಉಳಿದದ್ದು ದಣಿವಿನ ಪ್ರಶ್ನೆ. ಕೆಲಸ ಸೊನ್ನೆಯಾದರೆ ಮೈ ಯಾಕೆ ನಡುಗುತ್ತದೆ, ಬೆವರು ಯಾಕೆ? ಪ್ರತಿಯೊಬ್ಬರೂ ಶಾಲಾಚೀಲವನ್ನು ಕೈ ನೀಡಿ ಒಂದು ನಿಮಿಷ ಹಿಡಿಯುವಂತೆ ಮಾಡಿಸಿದೆವು. ನಲವತ್ತನೇ ಸೆಕೆಂಡಿಗೆ ನಗು ನಿಂತಿತ್ತು. ಅದೇ ಚೀಲವನ್ನು ಮೇಜಿನ ಮೇಲಿಟ್ಟರೆ ಮೇಜು ದಣಿಯುವುದಿಲ್ಲ, ವರ್ಷ ಇಟ್ಟರೂ ಇಲ್ಲ. ವ್ಯತ್ಯಾಸ ಚೀಲದಲ್ಲಿಲ್ಲ, ಹಿಡಿದವರಲ್ಲಿದೆ. ನಮ್ಮ ಸ್ನಾಯು ಗಟ್ಟಿಯಾಗಿ ನಿಂತಂತೆ ಕಂಡರೂ ಒಳಗೆ ಅತಿ ಸೂಕ್ಷ್ಮ ಎಳೆಗಳು ಒಂದನ್ನೊಂದು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರುತ್ತವೆ. ಪ್ರತಿ ಹಿಡಿತಕ್ಕೂ ಆಹಾರದಿಂದ ಬಂದ ಶಕ್ತಿ ಖರ್ಚಾಗುತ್ತದೆ. ಅದರ ಬಹುಪಾಲು ಶಾಖವಾಗಿ ಮೈ ಬಿಸಿಯೇರುತ್ತದೆ. ಚೀಲಕ್ಕೆ ಏನೂ ದಕ್ಕುವುದಿಲ್ಲ, ಮನುಷ್ಯನಿಗೆ ಖರ್ಚಾಗುತ್ತದೆ. ಹಲಗೆಯ ಮೂಲೆಯ ಶೇಂಗಾ ಪ್ರಶ್ನೆಗೂ ಉತ್ತರದ ಒಂದು ಭಾಗ ಇದೇ. ಇನ್ನೊಂದು ಭಾಗ, ಅಷ್ಟು ದೊಡ್ಡ ಮೈಯನ್ನು ಸುಮ್ಮನೆ ಬದುಕಿಸಿಡಲು, ಬೆಚ್ಚಗಿಡಲು, ದಿನವಿಡೀ ಅಭ್ಯಾಸ ಮಾಡಲು ಹೋಗುವ ಶಕ್ತಿ.

‘ಕೆಲಸ ಸೊನ್ನೆ’ ಎಂದು ಹೇಳುವಾಗಲೆಲ್ಲ ‘ಭಾರದ ಮೇಲೆ’ ಎಂಬ ಎರಡು ಪದ ಸೇರಿಸುವುದನ್ನು ನಾಲ್ವರಿಗೂ ರೂಢಿ ಮಾಡಿಸಿದ್ದೆ. ‘ಭಾರದ ಮೇಲೆ ಆದ ಕೆಲಸ ಸೊನ್ನೆ.’ ಈ ಎರಡು ಪದಗಳಿದ್ದರೆ ಹಮಾಲರ ಬೆವರಿಗೂ ಪಠ್ಯದ ಸಾಲಿಗೂ ಜಗಳ ಉಳಿಯುವುದಿಲ್ಲ. ನಿಜವಾದ ನಡಿಗೆಯಲ್ಲಿ ಹೊರೆ ಪ್ರತಿ ಹೆಜ್ಜೆಗೂ ಚೂರು ಏರಿ ಇಳಿಯುತ್ತದೆ, ಪಠ್ಯದ ಸೊನ್ನೆ ಒಂದು ಆದರ್ಶ ಎಂಬುದನ್ನು ಜಾಣ ಮಕ್ಕಳಿಗೆ ಹೇಳಬಹುದು. ಎಲ್ಲರಿಗೂ ಅಂದೇ ಹೇಳಬೇಕಾಗಿಲ್ಲ.

ಎರಡನೇ ಅವಧಿಯಲ್ಲಿ ಆ ಹುಡುಗ ಬರುವಾಗಲೇ ಸಂಖ್ಯೆ ತಂದಿದ್ದ. ಅಪ್ಪ ಲಾರಿಯ ಹಾಸನ್ನು ಹಗ್ಗದಿಂದ ಅಳೆದು ಗಂಟು ಹಾಕಿ ಕೊಟ್ಟಿದ್ದರಂತೆ. ಶಾಲೆಯ ಪಟ್ಟಿಯಲ್ಲಿ ಹಿಡಿದರೆ 1.35 ಮೀಟರ್. ಒಂದು ಚೀಲಕ್ಕೆ 675 ಜೌಲ್, ಇನ್ನೂರಕ್ಕೆ 1,35,000, ದಾಖಲೆಯ ಲೆಕ್ಕದಲ್ಲಿ ನಲವತ್ತನಾಲ್ಕು. ತಿದ್ದಿ ಬರೆದೆವು.

ಆ ಅವಧಿಯ ಅರ್ಧ ಭಾಗವನ್ನು ಅವನ ನಟನೆಗೆ ಇಟ್ಟುಕೊಂಡಿದ್ದೆವು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ‘ಪರ್ವತ’ ಎಂಬ ಅಡ್ಡಹೆಸರಿನ ಗ್ರೆಗರ್ ಕ್ಲೆಗೇನ್ ಪಾತ್ರವನ್ನು ಮೊದಲು ಇನ್ನಿಬ್ಬರು ನಟರು ಮಾಡಿದ್ದರು. 2014ರ ನಾಲ್ಕನೇ ಆವೃತ್ತಿಯಿಂದ 2019ರ ಕೊನೆಯವರೆಗೆ ಅದು ಹಾಫ್‌ಥೋರ್‌ನದಾಯಿತು. ವಿಶ್ವ ಸ್ಪರ್ಧೆಯ ಆ 2, 3, 2, 2, 1, 3ರ ವರ್ಷಗಳೇ ಇವು. ಅಂದರೆ ಆಟ ಬಿಟ್ಟು ನಟನಾದವನಲ್ಲ, ಎರಡನ್ನೂ ಒಟ್ಟಿಗೆ ನಡೆಸಿದವನು. ಪಾತ್ರಕ್ಕೆ ಮಾತು ಬಹಳ ಕಡಿಮೆ, ಕೊನೆಯ ಆವೃತ್ತಿಗಳಲ್ಲಂತೂ ಶಿರಸ್ತ್ರಾಣದೊಳಗಿನ ಮೌನ. ಆಮೇಲೆ ‘ಕಿಕ್‌ಬಾಕ್ಸರ್: ರಿಟ್ಯಾಲಿಯೇಶನ್’ (2018), ‘ದಿ ನಾರ್ತ್‌ಮನ್’ (2022) ಚಿತ್ರಗಳು. ನಡುವೆ 2022ರ ಮಾರ್ಚ್‌ನಲ್ಲಿ ದುಬೈಯಲ್ಲಿ, ಅದುವರೆಗಿನ ಎದುರಾಳಿ ಎಡ್ಡಿ ಹಾಲ್ ಜೊತೆ ಬಾಕ್ಸಿಂಗ್ ಮಾಡಿ ಗೆದ್ದ. ಅದಕ್ಕಾಗಿ ಮೈತೂಕ ಬಹಳಷ್ಟು ಇಳಿಸಿದ್ದ. ಮತ್ತೆ ಭಾರಕ್ಕೆ ಮರಳಿದ.

ನಟನೆಯಿಂದ ಭೌತವಿಜ್ಞಾನಕ್ಕೆ ಏನು ಸಿಗುತ್ತದೆ? ಪರದೆಯ ಮೇಲೆ ಭಾರ ಕಾಣುವುದಿಲ್ಲ, ಎತ್ತುವವನ ಮುಖ ಮಾತ್ರ ಕಾಣುತ್ತದೆ. ಇದನ್ನು ಮಕ್ಕಳಿಂದಲೇ ಮಾಡಿಸಿದೆವು. ಒಬ್ಬ ಖಾಲಿ ಬಕೆಟ್ಟನ್ನು ತುಂಬಿದ್ದೆಂಬಂತೆ ಎತ್ತಬೇಕು, ಇನ್ನೊಬ್ಬಳು ತುಂಬಿದ್ದನ್ನು ಖಾಲಿ ಎಂಬಂತೆ. ಬಕೆಟ್ಟಿನ ಒಳಗು ಕಾಣದ ತರಗತಿ ಕೆಲಸ ಎಷ್ಟೆಂದು ಊಹಿಸಬೇಕು. ಹೆಚ್ಚಿನವರು ತಪ್ಪು ಹೇಳಿದರು. ಮುಖ ನೋಡಿ ಜೌಲ್ ಹೇಳಲಾಗದು ಎಂಬುದು ಹಿಂದಿನ ದಿನದ ದಣಿವಿನ ಚರ್ಚೆಗೆ ಒಳ್ಳೆಯ ಜೋಡಿಯಾಯಿತು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಅತ್ಯುತ್ತಮ ಚಟುವಟಿಕೆ ಇದು, ಖರ್ಚಿಲ್ಲದ್ದು ಕೂಡ. ಧಾರಾವಾಹಿಯ ತುಣುಕು ತೋರಿಸಲು ಒಬ್ಬರು ಬಯಸಿದ್ದರು, ನಾನು ಬಿಡಲಿಲ್ಲ. ಆ ಹಿಂಸೆ ಹದಿನಾಲ್ಕರ ಮಕ್ಕಳಿಗಲ್ಲ. ಒಂದು ಸ್ಥಿರಚಿತ್ರ ಸಾಕು.

ಎರಡು ವಿಷಯಗಳನ್ನು ಮುಚ್ಚಿಡಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಒಂದು, 2020ರ ಮೇ 2ರ ದಾಖಲೆಯ ವಿವಾದ. ಕೊರೊನಾ ಕಾಲದಲ್ಲಿ ಸ್ಪರ್ಧೆಗಳಿಲ್ಲದಾಗ ಹಾಫ್‌ಥೋರ್ ಐಸ್‌ಲ್ಯಾಂಡಿನ ತನ್ನದೇ ವ್ಯಾಯಾಮಶಾಲೆಯಲ್ಲಿ, ಮಾಗ್ನೂಸ್ ವೆರ್ ತೀರ್ಪುಗಾರರಾಗಿ, 501 ಕಿ.ಗ್ರಾಂ. ಎತ್ತಿದ. 2016ರಲ್ಲಿ ಎಡ್ಡಿ ಹಾಲ್ ಸ್ಪರ್ಧೆಯಲ್ಲಿ ಎತ್ತಿದ್ದು 500. ಸ್ಪರ್ಧೆಯ ಹೊರಗಿನದನ್ನು ದಾಖಲೆ ಎನ್ನಬಹುದೇ ಎಂದು ಹಾಲ್ ತಕರಾರು ಎತ್ತಿದರು. ತರಗತಿ ಎರಡು ಪಂಗಡವಾಗಿ ವಾದಿಸಿತು. ‘ತೂಕ ತೂಕಾನ ಅಲ್ಲೇನ್ರೀ, ಎಲ್ಲಿ ಎತ್ತಿದರೇನು?’ ಎಂದು ಒಂದು ಕಡೆ. ‘ಜಾತ್ರ್ಯಾಗ ಎತ್ತೂದು ಬ್ಯಾರೆ, ಮನಿ ಅಂಗಳದಾಗ ಎತ್ತೂದು ಬ್ಯಾರೆ’ ಎಂದು ಇನ್ನೊಂದು ಕಡೆ. ಕೆಲಸದ ಲೆಕ್ಕಕ್ಕೆ ಸ್ಥಳ ಬೇಕಿಲ್ಲ, ದಾಖಲೆಗೆ ಸಾಕ್ಷಿಯೂ ನಿಯಮವೂ ಬೇಕು ಎಂಬಲ್ಲಿಗೆ ಅವರೇ ಬಂದರು. 2025ರ 510 ಸ್ಪರ್ಧೆಯಲ್ಲೇ ಎತ್ತಿದ್ದಾದ್ದರಿಂದ ಆ ಜಗಳ ಈಗ ಹಳತಾಗಿದೆ, ತರಗತಿಗೆ ಮಾತ್ರ ಹೊಸದೇ.

ಇನ್ನೊಂದು ಕಷ್ಟದ್ದು. ‘ಅಂಥಾ ಬಾಡಿ ಮಾಡಬೇಕಂದ್ರ ಏನ್ ಮಾಡಬೇಕ್ರೀ?’ ಎಂಬ ಪ್ರಶ್ನೆ ಖಚಿತ. ನಮ್ಮ ಸಣ್ಣ ಪಟ್ಟಣಗಳಲ್ಲೂ ಈಗ ಜಿಮ್‌ಗಳಿವೆ, ಡಬ್ಬಿಗಳೂ ಸೂಜಿಗಳೂ ಅಲ್ಲಿಗೆ ಬರುತ್ತವೆ. ತಾನು ಸ್ಟೀರಾಯ್ಡ್ ಬಳಸಿದ್ದಾಗಿ ಹಾಫ್‌ಥೋರ್ ಅಮೆರಿಕದ ಕ್ರೀಡಾವಾಹಿನಿಯೊಂದರ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾನೆ. ಇದನ್ನು ಹೇಳಿದರೆ ಮಕ್ಕಳು ಅದನ್ನೇ ಹಿಡಿಯುವುದಿಲ್ಲವೇ ಎಂದು ಪ್ರಶಿಕ್ಷಣಾರ್ಥಿಗಳ ಅಂಜಿಕೆ. ಹೇಳದಿದ್ದರೆ ಆ ಮೈ ಬರೀ ಶೇಂಗಾ, ಹಾಲು, ಹಟದಿಂದ ಬಂದದ್ದೆಂದು ಸುಳ್ಳು ಹೇಳಿದಂತಾಗುತ್ತದೆ, ಆಮೇಲೆ ಮೊಬೈಲಿನಲ್ಲಿ ತಿಳಿದಾಗ ನಮ್ಮ ಉಳಿದ ಮಾತುಗಳನ್ನೂ ಅವರು ನಂಬುವುದಿಲ್ಲ ಎಂಬುದು ನನ್ನ ವಾದ. ಎರಡು ನಿಮಿಷ, ನೇರವಾಗಿ: ಎತ್ತರ ಹುಟ್ಟಿನಿಂದ ಬಂದದ್ದು, ವರ್ಷಗಟ್ಟಲೆ ದುಡಿಮೆ ಇದೆ, ಔಷಧಿಯೂ ಇದೆ. ವೈದ್ಯರಿಲ್ಲದೆ ಅದನ್ನು ತೆಗೆದುಕೊಂಡರೆ ಹೃದಯ, ಯಕೃತ್ತು, ಬೆಳೆಯುವ ಎಲುಬು ಎಲ್ಲಕ್ಕೂ ಹಾನಿ. ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನು ಆ ಎರಡು ನಿಮಿಷಕ್ಕೆ ತರಗತಿಗೆ ಕರೆದಿದ್ದೆವು. ಅವರ ಮಾತಿಗೆ ಹುಡುಗರಲ್ಲಿ ನಮಗಿಂತ ಹೆಚ್ಚು ತೂಕ.

ಮುಂದಿನ ಹಂತದ ಅಭ್ಯಾಸ ಬೋಧನೆಯಲ್ಲಿ ಇದನ್ನು ಬಳಸುವವರಿಗೆ ಕೆಲವು ಮಾತು. ಎರಡು ಅವಧಿ ಬೇಕೇ ಬೇಕು, ಒಂದರಲ್ಲಿ ಮುಗಿಸಲು ಹೋದರೆ ಮೊದಲು ಬಿದ್ದುಹೋಗುವುದು ಹಮಾಲರ ಲೆಕ್ಕವೇ. ಪಟ್ಟಿ, ಪೊರಕೆ ಕೋಲು, ಎರಡು ಬಕೆಟ್, ಒಂದು ಚಿತ್ರ, ಹತ್ತು ಶೇಂಗಾ ಕಾಳು ಇಷ್ಟೇ ಸಾಮಗ್ರಿ. ಚೀಲದ ತೂಕ, ಲಾರಿಯ ಎತ್ತರ ಇವನ್ನು ನಿಮ್ಮ ಶಾಲೆಯ ಊರಿನಲ್ಲೇ ಕೇಳಿಕೊಳ್ಳಿ. ಕಾಫಿ ಸೀಮೆಯಲ್ಲಿ, ಬಂದರಿನಲ್ಲಿ, ಇಟ್ಟಿಗೆ ಭಟ್ಟಿಯ ಹತ್ತಿರ ಸಂಖ್ಯೆಗಳು ಬೇರೆ ಇರುತ್ತವೆ. ಸಾಮರ್ಥ್ಯದ ಪಾಠಕ್ಕೆ ಹೋಗುವಾಗ ಇದೇ ಲೆಕ್ಕಕ್ಕೆ ಗಡಿಯಾರ ಸೇರಿಸಿದರಾಯಿತು. ಇನ್ನೂರು ಚೀಲಕ್ಕೆ ಎಷ್ಟು ತಾಸು ಎಂದು ಆ ಹುಡುಗ ಅಪ್ಪನನ್ನು ಕೇಳಿಕೊಂಡು ಬರುವುದಾಗಿ ಹೇಳಿದ್ದಾನೆ.